ಕಡ್ಡಿ ಮಲಗಬೇಕು

ನವೆಂಬರ್ 2, ಭಾನುವಾರ

ಬಜಪೆಯ ಏರಿನಲ್ಲಿ ಹಿಂದಿನ ಚಕ್ರದ ಕಡ್ಡಿ ಮುರಿಯಿತು. ಈ ವರ್ಷದಲ್ಲಿ ಇದು ನಾಲ್ಕನೆಯದು. ಟಪ್ ಎಂದು ಸದ್ದು, ಆಮೇಲೆ ರಿಮ್ಮು ಬ್ರೇಕಿಗೆ ಉಜ್ಜುತ್ತ ಕುಡಿದವನ ಹಾಗೆ ತೂರಾಡಿತು. ಇಳಿದು ನೂಕಿದೆ. ಐವತ್ತಾರು ವರ್ಷದ ಹೈಸ್ಕೂಲು ಕನ್ನಡ ಮಾಷ್ಟ್ರು ಬಿಗಿ ಚಡ್ಡಿ ಹಾಕಿಕೊಂಡು, ವಿಮಾನ ಹಿಡಿಯುವವರ ಟ್ಯಾಕ್ಸಿಗಳ ನಡುವೆ ಸೈಕಲ್ ನೂಕುವುದನ್ನು ಊರೇ ನೋಡಿತು. ನೋಡಲಿ.

ತಪ್ಪು ಚಕ್ರದ್ದಲ್ಲ. ಕಾಂಕ್ರೀಟು ಹಾಕುತ್ತಾರೆ, ಆರು ತಿಂಗಳಿಗೆ ಪೈಪಿಗೆಂದು ಕೊರೆಯುತ್ತಾರೆ, ಕೊರೆದಲ್ಲಿ ಜಲ್ಲಿ ಸುರಿದು ಫೋಟೊ ಹೊಡೆಸಿಕೊಂಡು ಹೋಗುತ್ತಾರೆ. ಈ ನಗರದಲ್ಲಿ ರಸ್ತೆ ನಡೆಯುವವನಿಗಲ್ಲ, ಸೈಕಲಿನವನಿಗಲ್ಲ, ಗುತ್ತಿಗೆದಾರನ ಮಗಳ ಮದುವೆಗೆ. ಇದನ್ನು ಹೇಳಿದರೆ ನಮ್ಮ ಸೈಕಲ್ ಕ್ಲಬ್ಬಿನವರು ನಗುತ್ತಾರೆ. "ಸರ್, ಭಾಷಣ ಬೇಡ, ಗಾಳಿ ಹಾಕಿ" ಅನ್ನುತ್ತಾನೆ ಅಶ್ವಿತ್. ನಮ್ಮ ಕಾರ್ಯದರ್ಶಿ. ಮಗುವಿನಂಥ ಮುಖ, ಎಲ್ಲರಿಗೂ ಸರ್.

ಕುವೈತಿನಿಂದ ಬಂದು ನೆಲೆಸಿದ ರಾಯ್‌ಸ್ಟನ್ ನನ್ನ ಜೊತೆಗೇ ನೂಕುತ್ತ ಬಂದ, ಪಾಪ. "ನಿತ್ಯಣ್ಣ, ಕಂಪೆನಿ ವೀಲ್ ಅಂದ್ರೆ ಹೋಟೆಲಿನವ ಊಟಕ್ಕೆ ಹಾಕುವ ಉಪ್ಪಿನಕಾಯಿ ಮಾರಾಯ್ರೆ. ಲೆಕ್ಕಕ್ಕೆ ಮಾತ್ರ. ಬದಲಾಯಿಸಿ. ಅರ್ಧ ಕಿಲೋ ಕಡಿಮೆ ಆಗ್ತದೆ."

"ಅರ್ಧ ಕಿಲೋ ನನ್ನ ಹೊಟ್ಟೆಯಲ್ಲೇ ಉಂಟು, ಅದಕ್ಕೆ ಯಾರೂ ಬಿಲ್ ಮಾಡುದಿಲ್ಲ" ಅಂದೆ.

ಆದರೂ ಡಿಸೆಂಬರ್ 21 ತಲೆಯಲ್ಲಿ ಕೂತಿದೆ. ಇನ್ನೂರು ಕಿಲೋಮೀಟರ್ ಸವಾರಿ, ಕುಂದಾಪುರ ದಾಟಿ ವಾಪಸು, ಹದಿಮೂರೂವರೆ ಗಂಟೆಯೊಳಗೆ. ಹೋದ ವರ್ಷ ಹನ್ನೊಂದು ನಿಮಿಷಕ್ಕೆ ತಪ್ಪಿತು. ಈ ಸಲ ಬಿಡುವುದಿಲ್ಲ. ಚಕ್ರ ಹೊಸತು ಬೇಕಾಗಿಲ್ಲ. ಚಕ್ರವನ್ನು ಬಲ್ಲ ಕೈ ಬೇಕು. ಅದು ಬಂದರಿನಲ್ಲಿ ಇದೆ.

ನವೆಂಬರ್ 3, ಸೋಮವಾರ

ಶಾಲೆ ಬಿಟ್ಟವನೇ ಚಕ್ರ ಹಿಡಿದುಕೊಂಡು ಬಂದರಿಗೆ ಹೋದೆ. ಉಮರಬ್ಬಾಕನ ಅಂಗಡಿ ಬೆಂಗ್ರೆಯ ಫೆರಿಗೆ ಹೋಗುವ ದಾರಿಯಲ್ಲಿ, ಹಗ್ಗದ ಅಂಗಡಿಯ ಪಕ್ಕ, ಎರಡು ಕೈ ಅಗಲ. ಮನೆ ಬೆಂಗ್ರೆಯಲ್ಲಿ, ಐವತ್ತು ವರ್ಷದಿಂದ ಬೆಳಿಗ್ಗೆ ದೋಣಿಯಲ್ಲಿ ಬಂದು ಸಂಜೆ ದೋಣಿಯಲ್ಲಿ ಹೋಗುವ ಮನುಷ್ಯ. ಹಳೆಯ ಸೈಕಲಿನ ಫೋರ್ಕನ್ನು ತಲೆಕೆಳಗಾಗಿ ಮೇಜಿಗೆ ಬಿಗಿದಿದ್ದಾರೆ. ಅದರಲ್ಲಿ ಚಕ್ರ ಕೂರಿಸಿ, ರಿಮ್ಮಿಗೆ ಒಂದು ಮೊಳೆ ಅಡ್ಡ ಹಿಡಿದು ತಿರುಗಿಸುತ್ತಾರೆ. ಮೊಳೆಗೆ ತಾಗಿದ ಕಡೆ ಬೆಂಡ್. ಆಮೇಲೆ ಕಡ್ಡಿಗಳನ್ನು ಒಂದೊಂದಾಗಿ ಬೆರಳಲ್ಲಿ ಮೀಟಿ ಕಿವಿ ಕೊಡುತ್ತಾರೆ.

"ಎಂತ ಮಾಷ್ಟ್ರೇ, ಮತ್ತೆ ಮುರಿದ್ರಾ? ಸೈಕಲ್ ಬಿಡುದಾ, ಕಟ್ಟಿಗೆ ಒಡಿಯುದಾ?"

"ಹೊಸ ವೀಲ್ ತೆಗೀಲಿಕ್ಕೆ ಹೇಳ್ತಾರೆ ಎಲ್ಲರೂ."

"ತೆಗೀರಿ. ಹಳೇದು ನನಗೆ ಕೊಡಿ." ನಕ್ಕರು. ಬಾಯಲ್ಲಿ ಉಳಿದದ್ದು ನಾಲ್ಕು ಹಲ್ಲು. "ಇದಕ್ಕೆ ಎಂತ ಆಗ್ಲಿಲ್ಲ. ಮಿಷನ್ ಕಟ್ಟಿದ ಚಕ್ರ. ಕೆಲವು ಕಡ್ಡಿ ದುಡಿತಾ ಉಂಟು, ಕೆಲವು ಸುಮ್ಮನೆ ಕೂತಿದ್ದಾವೆ. ದುಡಿಯುದೇ ಮುರಿಯುದಲ್ವಾ? ಎಲ್ಲವನ್ನೂ ಸಮ ಮಾಡಿ ಕೊಡ್ತೇನೆ. ನಾಳೆ ಬನ್ನಿ."

ನಾಳೆ ಬನ್ನಿ. ಅದು ಅವರ ಶಾಸನ. ಬಿಗಿ ಮಾಡಿದ ಚಕ್ರವನ್ನು ಅದೇ ದಿನ ಯಾರಿಗೂ ಕೊಡುವವರಲ್ಲ. ಕಡ್ಡಿ ಒಂದು ರಾತ್ರಿ ಮಲಗಬೇಕು, ತನ್ನ ಜಾಗದಲ್ಲಿ ಕೂತುಕೊಳ್ಳಬೇಕು. ಎರಡನೇ ದಿನ ಸವಾರನನ್ನು ಎದುರಿಗೆ ಕೂರಿಸಿಕೊಂಡು ಮತ್ತೊಮ್ಮೆ ಮೀಟಿ ನೋಡುತ್ತಾರೆ. "ಕೇಳಿ" ಅನ್ನುತ್ತಾರೆ. ನಾವು ಕೇಳಬೇಕು. ಎಲ್ಲ ಕಡ್ಡಿ ಒಂದೇ ಸ್ವರ ಅಂತ ನಮ್ಮ ಬಾಯಿಂದ ಬಂದ ಮೇಲೆಯೇ ಚಕ್ರ ಕೈಗೆ.

ನನಗೆ ಇಪ್ಪತ್ತೆರಡು ವರ್ಷ ಆಗಿದ್ದಾಗ ಸಂಘಟನೆಯಿಂದ ಸೈಕಲ್ ಜಾಥಾ ಹೊರಟೆವು. ಮೂವತ್ತು ಬಾಡಿಗೆ ಸೈಕಲ್, ಮೂವತ್ತು ಹಸಿದ ಹೊಟ್ಟೆ, ಒಂದು ತಮಟೆ. ಹೊರಡುವ ಮುನ್ನಾದಿನ ಸೈಕಲುಗಳನ್ನು ನೋಡಿದ ಉಮರಬ್ಬಾಕ "ಇದರಲ್ಲಿ ಕ್ರಾಂತಿ ಗುರುಪುರ ದಾಟುದಿಲ್ಲ" ಎಂದು ಎಲ್ಲ ಅರುವತ್ತು ಚಕ್ರ ಬಿಚ್ಚಿಸಿದರು. ಆಮೇಲೆ, ಕಡ್ಡಿ ಮಲಗಬೇಕು, ನಾಳೆ ಬನ್ನಿ. ನಾಯಕರು ಬೈದರು, ನಾನೂ ಬೈದೆ. ಮನುಷ್ಯ ಜಪ್ಪಯ್ಯ ಅನ್ನಲಿಲ್ಲ. ಜಾಥಾ ಒಂದು ದಿನ ತಡವಾಗಿ ಹೊರಟಿತು. ಊರೂರಲ್ಲಿ ಹಾರ ಬಾಡಿತ್ತು, ಚಾ ತಣಿದಿತ್ತು. ಆದರೆ ಹದಿನಾಲ್ಕು ದಿನದಲ್ಲಿ ಒಂದು ಕಡ್ಡಿ ಮುರಿಯಲಿಲ್ಲ. ಒಂದು ಕಾಸು ತೆಗೆದುಕೊಳ್ಳಲಿಲ್ಲ. ಬದಲಿಗೆ ತಾವೂ ಜೊತೆಗೆ ಬಂದರು, ಹಿಂದಿನ ಸೈಕಲಿನಲ್ಲಿ ಪಂಪು ಕಟ್ಟಿಕೊಂಡು, ನಾವು ಘೋಷಣೆ ಕೂಗಿದರೆ ಬೆಲ್ಲು ಹೊಡೆಯುತ್ತ.

ನಾಳೆ ಹೋಗಬೇಕು.

ನವೆಂಬರ್ 4, ಮಂಗಳವಾರ

ಹೋಗಲಾಗಲಿಲ್ಲ. ನಿನ್ನೆ ಕತ್ತಲಾಗುವಾಗ ಊರ ಹೊರಗೆ ಒಬ್ಬನನ್ನು ಕಡಿದರು. ಇಪ್ಪತ್ತಮೂರು ವರ್ಷ. ಬೆಳಿಗ್ಗೆ ಇನ್ನೊಂದು ಕಡೆ ಇನ್ನೊಬ್ಬನನ್ನು. ಇಬ್ಬರೂ ದಿನಗೂಲಿ. ಇಬ್ಬರ ತಾಯಂದಿರೂ ಬೀಡಿ ಕಟ್ಟುವವರು. ಈ ಊರಿನಲ್ಲಿ ಹೆಣ ಬಿದ್ದರೆ ಮೊದಲು ಹೆಸರು ಕೇಳುತ್ತಾರೆ, ಹೆಸರು ಕೇಳಿದ ಮೇಲೆ ಅಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಥೂ.

ನಿಷೇಧಾಜ್ಞೆ. ಬಸ್ಸಿಲ್ಲ. ಶಾಲೆಗೆ ರಜೆ. ಮೊನ್ನೆ ರಾಜ್ಯೋತ್ಸವಕ್ಕೆ ನಾನೇ ಮೈಕ್ ಹಿಡಿದು ಮಕ್ಕಳಿಗೆ ಕೂಡಿ ಬಾಳುವ ಬಗ್ಗೆ ಅರ್ಧ ಗಂಟೆ ಹೊಡೆದಿದ್ದೆ.

ಸುಮ್ಮನೆ ಕೂರಲಾಗದೆ ಒಂದು ಹೇಳಿಕೆ ಬರೆದೆ. ಕೊಲ್ಲಿಸುವವರ ಮಕ್ಕಳು ಯಾರೂ ಕತ್ತಿ ಹಿಡಿಯುವುದಿಲ್ಲ, ಬಡವರ ಮಕ್ಕಳು ಹಿಡಿಯುತ್ತಾರೆ, ಬಡವರ ಮಕ್ಕಳು ಸಾಯುತ್ತಾರೆ ಎಂದು ಬರೆದೆ. ಜಾಥಾದ ಹಳಬರಿಗೆ ಫೋನ್ ಮಾಡಿದೆ. ಒಬ್ಬನಿಗೆ ಬೈಪಾಸ್ ಆಗಿದೆ. ಒಬ್ಬ ಮಗಳ ಸಂಬಂಧ ನೋಡುತ್ತಿದ್ದಾನೆ, ಈಗ ಬೇಡ ಅಂದ. ಒಬ್ಬ ಎತ್ತಲಿಲ್ಲ. ಇಬ್ಬರು ಸಹಿ ಹಾಕುತ್ತೇವೆ ಅಂದರು. ಮೂರು ಹೆಸರಿನ ಹೇಳಿಕೆಯನ್ನು ಯಾವ ಪೇಪರಿನವನು ಹಾಕುತ್ತಾನೆ?

ಚಕ್ರ ಉಮರಬ್ಬಾಕನ ಹತ್ತಿರ ಇದೆ. ಸೈಕಲು ಮನೆಯ ಹಾಲ್‌ನಲ್ಲಿ ಒಂದೇ ಚಕ್ರದಲ್ಲಿ ಗೋಡೆಗೆ ಒರಗಿದೆ.

ನವೆಂಬರ್ 9, ಭಾನುವಾರ

ನಿಷೇಧಾಜ್ಞೆ ಸಡಿಲಾಗಿದೆ. ಕ್ಲಬ್ಬಿನ ಸವಾರಿ ಇಲ್ಲ.

ಹೆಂಡತಿ ಕುಶಲಾ ಎಂದಿನ ಹಾಗೆ ಬಂದರಿನ ಧಕ್ಕೆಗೆ ಮೀನಿಗೆ ಹೋದಳು. ಬೇಡ ಅಂದೆ. "ಬಂಗುಡೆ ನಿಮ್ಮ ಮನೆಬಾಗಿಲಿಗೆ ಬರ್ತದಾ?" ಎಂದು ಚೀಲ ತೆಗೆದುಕೊಂಡು ಹೋದಳು. ಒಂದು ಗಂಟೆಯಲ್ಲಿ ವಾಪಸು.

"ಉಮರಬ್ಬ ಬ್ಯಾರಿ ಕೂತಿದ್ದಾರೆ ಅಂಗಡಿಯಲ್ಲಿ. ಮಾಷ್ಟ್ರು ಸೌಖ್ಯವಾ ಕೇಳಿದ್ರು."

"ಚಕ್ರ?"

"ತಗೊಂಡು ಹೋಗ್ತೇನೆ ಅಂದೆ. ಕೊಡ್ಲಿಲ್ಲ. ಎರಡನೇ ದಿನದ್ದು ಸವಾರನ ಎದುರೇ ಆಗ್ಬೇಕಂತೆ. ನಾನು ಕೇಳಿದ್ರೆ ಆಗ್ಲಿಕ್ಕಿಲ್ಲವಂತೆ. ಹೋಗಿ ತನ್ನಿ, ಹತ್ತು ನಿಮಿಷದ ಕೆಲಸ. ಹಾಲ್‌ನಲ್ಲಿ ಅದೊಂದು ಕುಂಟು ಹಕ್ಕಿಯ ಹಾಗೆ ನಿಂತಿದೆ, ಗುಡಿಸ್ಲಿಕ್ಕೂ ಆಗುದಿಲ್ಲ."

ನಾಳೆ ಶಾಲೆ ಬಿಟ್ಟ ಮೇಲೆ.

ನವೆಂಬರ್ 12, ಬುಧವಾರ

ಸೋಮವಾರ ಸ್ಟಾಫ್ ಮೀಟಿಂಗು. ನಿನ್ನೆ ಉತ್ತರಪತ್ರಿಕೆ.

ಇವತ್ತು ಕ್ಲಬ್ಬಿನ ಗ್ರೂಪಿನಲ್ಲಿ ಅಶ್ವಿತ್ ಒಂದು ಪಟ್ಟಿ ಹಾಕಿದ. "ಸೈಕಲ್ ಸರ್ವಿಸಿಗೆ ನಾವು ಶಿಫಾರಸು ಮಾಡುವ ಅಂಗಡಿಗಳು." ಆರು ಹೆಸರು. ಕಳೆದ ತಿಂಗಳವರೆಗೆ ಈ ಕ್ಲಬ್ಬಿನ ಅರ್ಧ ಚಕ್ರಗಳ ಬೆಂಡ್ ತೆಗೆದ ಮನುಷ್ಯನ ಹೆಸರು ಪಟ್ಟಿಯಲ್ಲಿಲ್ಲ. ಯಾಕೆ ಎಂದು ಬರೆದಿಲ್ಲ. ಬರೆಯುವ ಅಗತ್ಯವಿಲ್ಲ. ಈಗಿನವರು ಬೈಯುವುದಿಲ್ಲ, ಬೆದರಿಸುವುದಿಲ್ಲ, ಪಟ್ಟಿ ಮಾಡುತ್ತಾರೆ. ನಲವತ್ತೊಂದು ಜನ ಹೆಬ್ಬೆರಳು ಒತ್ತಿದರು.

ಫೋನ್ ಮಾಡಿದೆ. "ಅಶ್ವಿತ್, ಉಮರಬ್ಬಾಕನ ಹೆಸರು ಬಿಟ್ಟುಹೋಗಿದೆಯಲ್ಲ?"

"ಬಿಟ್ಟುಹೋದದ್ದಲ್ಲ ಸರ್. ಸೇಫ್ಟಿ ವಿಷಯ. ಆ ರೋಡಿನಲ್ಲಿ ಕೆಲವರು ಮೊಬೈಲ್ ಹಿಡ್ಕೊಂಡು ನಿಂತಿರ್ತಾರಂತೆ. ಯಾರು ಯಾವ ಅಂಗಡಿಗೆ ಹೋದ್ರು ಅಂತ ಫೋಟೊ ಹಾಕ್ತಾರೆ. ನೀವು ನೋಡ್ಲಿಲ್ವಾ? ಖರ್ಜೂರ ತೆಗೀಲಿಕ್ಕೆ ಹೋದ ಒಬ್ಬರದ್ದು ಎಲ್ಲ ಕಡೆ ತಿರುಗ್ತಾ ಉಂಟು. ನಮಗೆ ಯಾರ ಮೇಲೂ ದ್ವೇಷ ಇಲ್ಲ ಸರ್. ಅವರಿಗೂ ಒಳ್ಳೇದೇ."

ಅವರಿಗೂ ಒಳ್ಳೆಯದು! ಮೂವತ್ತು ವರ್ಷದ ಹಿಂದೆ ಆಗಿದ್ದರೆ ಇದೇ ಮಾತಿನ ಮೇಲೆ ಒಂದು ಬೀದಿನಾಟಕ ಬರೆದು, ಇವನ ಮನೆ ಎದುರೇ ಆಡಿಸುತ್ತಿದ್ದೆ. ಗ್ರೂಪಿನಲ್ಲಿ ನಾಲ್ಕು ಸಾಲು ಟೈಪ್ ಮಾಡಿದೆ. ಕಾಗುಣಿತ ಸರಿ ಮಾಡಿದೆ. ಸ್ವಲ್ಪ ಮೆದು ಮಾಡಿದೆ. ಆಗ ಕರೆಂಟು ಹೋಯಿತು, ವೈಫೈ ಹೋಯಿತು. ಮೊಬೈಲಿನಲ್ಲಿ ಡೇಟಾ ಇತ್ತು. ಬರೆದದ್ದು ಈಗಲೂ ಅಲ್ಲೇ ಇದೆ.

ಖರ್ಜೂರದವನ ಫೋಟೊ ನೋಡಿದೆ. ಬಡಪಾಯಿ, ನನ್ನದೇ ವಯಸ್ಸು. ಬೆನ್ನು ಮಾತ್ರ ಕಾಣುತ್ತದೆ. ಬೆನ್ನನ್ನೂ ಗುರುತು ಹಿಡಿದಿದ್ದಾರೆ.

ನವೆಂಬರ್ 16, ಭಾನುವಾರ

ಸವಾರಿ ಶುರುವಾಯಿತು. ನಾನು ಹೋಗಲಿಲ್ಲ, ಚಕ್ರವಿಲ್ಲ. ಇಪ್ಪತ್ತೊಂದಕ್ಕೆ ಐದು ವಾರ.

ಒಂದು ವಿಷಯವನ್ನು ಭಾವನೆ ಬದಿಗಿಟ್ಟು ಯೋಚಿಸಬೇಕು. ಒಂದು ಚಕ್ರದಲ್ಲಿ ವರ್ಷಕ್ಕೆ ನಾಲ್ಕು ಕಡ್ಡಿ ಮುರಿಯುತ್ತದೆ ಎಂದರೆ ರಿಪೇರಿ ಎಷ್ಟು ಚೆನ್ನಾಗಿ ಮಾಡಿದರೂ ಪ್ರಶ್ನೆ ಉಳಿಯುತ್ತದೆ. ರಿಮ್ಮಿನ ಆಯುಷ್ಯವೇ ಮುಗಿದಿರಬಹುದು. ಉಮರಬ್ಬ ಹಳೆಯ ಕಾಲದ ಕೆಲಸಗಾರ, ಕೈ ಒಳ್ಳೆಯದು, ಸಂಶಯವಿಲ್ಲ. ಆದರೆ ಈಗಿನ ಚಕ್ರಗಳ ವಿಜ್ಞಾನವೇ ಬೇರೆ. ಎರಡು ಗಂಟೆ ಕೂತು ಓದಿದೆ. ಕಂಪೆನಿಯ ಚಕ್ರದ ಜೋಡಿ ಎರಡು ಕಿಲೋದ ಹತ್ತಿರ. ಅಲ್ಯೂಮಿನಿಯಮ್ಮಿನಲ್ಲೇ ಒಳ್ಳೆಯ ಜೋಡಿ ಒಂದೂವರೆ ಕಿಲೋ. ತಿರುಗುವ ತೂಕ ಕಡಿಮೆಯಾದರೆ ಏರಿನಲ್ಲಿ ಕಾಲಿಗೆ ಸುಖವಂತೆ. ಕೆಲವರು ಅದೆಲ್ಲ ಸುಳ್ಳು, ಟೈರು ಬದಲಾಯಿಸಿದರೆ ಸಾಕು ಅನ್ನುತ್ತಾರೆ. ಎರಡು ಕಡೆಯವರೂ ಬಾಯಿ ಬಾಯಿ ಬಡಿದುಕೊಂಡಿದ್ದಾರೆ. ಓದುತ್ತ ಓದುತ್ತ ಮನಸ್ಸಿಗೆ ಒಂದು ಥರ ನೆಮ್ಮದಿಯಾಯಿತು.

ನವೆಂಬರ್ 19, ಬುಧವಾರ

ರಿಮ್ಮಿನ ಒಳ ಅಗಲ ಹತ್ತೊಂಬತ್ತು ಮಿಲಿಮೀಟರ್ ಸಾಕೇ, ಇಪ್ಪತ್ತೊಂದು ಬೇಕೇ? ಇಪ್ಪತ್ತೊಂದು ಒಳ್ಳೆಯದು. ಟೈರು ಅಗಲವಾಗಿ ಕೂರುತ್ತದೆ, ನಮ್ಮ ರಸ್ತೆಗೆ ಬೇಕಾದದ್ದು.

ನವೆಂಬರ್ 22, ಶನಿವಾರ

ರಾಯ್‌ಸ್ಟನ್ ಮನೆಗೆ ಬಂದಿದ್ದ. ತನ್ನ ಹೊಸ ಚಕ್ರ ತೋರಿಸಿದ. ಮೊನ್ನೆ ಮೊನ್ನೆ ತರಿಸಿದ್ದಂತೆ.

"ನಿಮಗೂ ಇದೇ ಆರ್ಡರ್ ಮಾಡುವ, ನಿತ್ಯಣ್ಣ. ಹಿಂದಿನ ಹಲ್ಲುಚಕ್ರ ಹೊಸತು ಬೇಡ, ಹಳೇ ವೀಲಿನಿಂದ ಬಿಚ್ಚಿ ಹಾಕಿದ್ರಾಯ್ತು. ಎಲ್ಲಿ ಅದು?"

"ರಿಪೇರಿಗೆ ಕೊಟ್ಟದ್ದು."

"ಎಲ್ಲಿ?"

"ಒಂದು ಕಡೆ."

ಅವನು ಮತ್ತೆ ಕೇಳಲಿಲ್ಲ. ಕಿಟಕಿಯ ಹೊರಗೆ ನೋಡಿದ. "ಹಲ್ಲುಚಕ್ರವೂ ಹೊಸತೇ ಇರ್ಲಿ ಬಿಡಿ" ಅಂದ. "ನಾನೂ ಹೊಸತೇ ಹಾಕಿದ್ದು."

ಕುಶಲಾ ಒಳಗಿನಿಂದ ಚಾ ತಂದು ಇಟ್ಟಳು, ಸ್ವಲ್ಪ ಜೋರಾಗಿಯೇ ಇಟ್ಟಳು. "ರಾಯ್‌ಸ್ಟನ್, ನೀವು ಧಕ್ಕೆ ಕಡೆ ಹೋಗುದುಂಟಾ?"

"ಇಲ್ಲ ಅಕ್ಕ, ಈಗ ನಮಗೆ ಮೀನು ಆನ್‌ಲೈನ್. ನಾವು ಎಂತಕೆ ಸುಮ್ಮನೆ? ನಮ್ಮನ್ನು ಯಾರೂ ಕೇಳುದಿಲ್ಲ ಈಗ. ಕೇಳದೆ ಇರುದೇ ಒಳ್ಳೇದು."

ಆರ್ಡರ್ ಮಾಡಿದೆವು.

ನವೆಂಬರ್ 30, ಭಾನುವಾರ

ಹೊಸ ಚಕ್ರ ಬಂತು, ಕೂರಿಸಿದೆ, ಬಿಟ್ಟೆ. ಕಪ್ಪು ರಿಮ್ಮು, ಹಿಂದೆ ಇಪ್ಪತ್ತನಾಲ್ಕು ಕಡ್ಡಿ, ಚಪ್ಪಟೆ. ಪೆಡಲು ನಿಲ್ಲಿಸಿದರೆ ಜೀರುಂಡೆಯ ಹಾಗೆ ಕಿರ್ರ್ ಎನ್ನುತ್ತದೆ. ಎಲ್ಲರೂ ಹೊಗಳಿದರು. ಅಶ್ವಿತ್ ಫೋಟೊ ತೆಗೆದು ಗ್ರೂಪಿಗೆ ಹಾಕಿದ: "ನಮ್ಮ ಮಾಸ್ಟರ್ ಈಗ ರಾಕೆಟ್." ನಲವತ್ತು ಹೆಬ್ಬೆರಳು.

ಬಜಪೆಯ ಏರು ಅದೇ ಏರು.

ಮೇಲೆ ನಿಂತು ನೀರು ಕುಡಿಯುವಾಗ ಆ ಪಟ್ಟಿಯ ವಿಷಯ ಅಶ್ವಿತ್‌ನ ಹತ್ತಿರ ಎತ್ತಬೇಕು ಅಂದುಕೊಂಡಿದ್ದೆ. ಅವನು ಬಾಳೆಹಣ್ಣು ಕೊಟ್ಟ. ತಿಂದೆ.

ಡಿಸೆಂಬರ್ 7, ಭಾನುವಾರ

ಕುಶಲಾ ಧಕ್ಕೆಯಿಂದ ಬಂದು ಮೀನು ತೊಳೆಯುತ್ತ ಹೇಳಿದಳು, ನನ್ನ ಕಡೆ ನೋಡದೆ. "ಕೇಳಿದ್ರು ಇವತ್ತೂ. ಮಾಷ್ಟ್ರಿಗೆ ಪುರುಸೊತ್ತಿಲ್ಲದಿದ್ರೆ ಅವಸರ ಇಲ್ಲ, ಚಕ್ರ ಎಲ್ಲಿಗೂ ಓಡುದಿಲ್ಲ ಹೇಳಿ ಅಂದ್ರು. ನಾನು ಎಂತ ಹೇಳ್ಲಿ? ಹೊಸತು ತೆಗೆದ್ರು ಹೇಳ್ಲಾ?"

"ಹೇಳ್ಬೇಡ."

"ಅವರ ಅಂಗಡಿಯಲ್ಲಿ ಜನ ಇಲ್ಲ. ಮೊದಲಾದ್ರೆ ಭಾನುವಾರ ನಿಲ್ಲಲಿಕ್ಕೆ ಜಾಗ ಇರ್ಲಿಲ್ಲ."

"ನಾನೊಬ್ಬ ಹೋದ್ರೆ ಜನ ಆಗ್ತದಾ? ಇಡೀ ಊರು ಹೀಗಾದಾಗ ಒಬ್ಬ ಎಂತ ಮಾಡ್ಲಿಕ್ಕುಂಟು ಕುಶಲಾ? ಇದು ವ್ಯವಸ್ಥೆಯ ಪ್ರಶ್ನೆ."

"ನಾನು ವ್ಯವಸ್ಥೆ ಕೇಳ್ಲಿಲ್ಲ" ಅಂದಳು. "ಚಕ್ರ ಕೇಳಿದ್ದು."

ಹೆಂಗಸರಿಗೆ ಸುಲಭ. ಅವಳ ಕೈಯಲ್ಲಿ ಮೀನಿನ ಚೀಲ ಇರುತ್ತದೆ, ಯಾರು ಫೋಟೊ ತೆಗೆಯುತ್ತಾರೆ?

ಡಿಸೆಂಬರ್ 14, ಭಾನುವಾರ

ವಾಮಂಜೂರು ದಾಟಿದ ಮೇಲೆ ಒಂದು ಕಡೆ ಹೊಸ ಕಾಂಕ್ರೀಟು ಮುಗಿದು ಹಳೆಯ ರಸ್ತೆ ಶುರುವಾಗುತ್ತದೆ. ನಡುವೆ ಒಂದು ಗೇಣು ಮೆಟ್ಟಿಲು. ಲಾರಿಯ ಹಿಂದಿದ್ದೆ, ಕಾಣಲಿಲ್ಲ. ಧಡ್ ಎಂದು ಬಿತ್ತು. ನಾನು ಬೀಳಲಿಲ್ಲ. ಹಿಂದಿನ ಹೊಸ ಚಕ್ರ ಎಡಕ್ಕೆ ಬೆಂಡಾಗಿ ಬ್ರೇಕಿಗೆ ಕಚ್ಚಿಕೊಂಡಿತು. ರಿಕ್ಷಾ ಹಿಡಿದು ಬಂದೆ.

ಪಟ್ಟಿಯಲ್ಲಿದ್ದ ಮೊದಲ ಅಂಗಡಿಗೆ ಹೋದೆ, ಏಸಿ, ಗಾಜಿನ ಬಾಗಿಲು. ಚಪ್ಪಟೆ ಕಡ್ಡಿಗೆ ಬೇರೆ ಸಾಮಾನು ಬೇಕು, ಬೆಂಗಳೂರಿಗೆ ಕಳಿಸಬೇಕು, ಮೂರು ವಾರ. ಎರಡನೆಯವನೂ ಅದೇ ಹೇಳಿದ. ಮೂರನೆಯವನು ಒಂದು ಕಡ್ಡಿ ತಿರುಗಿಸಿ, ಇನ್ನಷ್ಟು ಬೆಂಡ್ ಮಾಡಿ, "ಸಾರಿ ಅಂಕಲ್" ಅಂದ.

ಏಳು ದಿನ ಉಳಿದಿದೆ.

ಡಿಸೆಂಬರ್ 17, ಬುಧವಾರ

ಮೂರು ದಿನದಿಂದ ಲೆಕ್ಕ ಹಾಕುತ್ತಿದ್ದೇನೆ. ಬಂದರಿನ ಅಂಗಡಿಯಲ್ಲಿ ಹಳೆಯ ಚಕ್ರ ಇದೆ. ಹೋಗಿ ಅದನ್ನು ಮಾತ್ರ ಕೇಳಿದರೆ, ಇಷ್ಟು ದಿನ ಎಲ್ಲಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ಅವರು ಕೇಳದಿದ್ದರೂ ಬರುತ್ತದೆ. ಹೊಸ ಕೆಲಸ ಒಂದು ಹಿಡಿದುಕೊಂಡು ಹೋದರೆ ಅಷ್ಟು ಕಷ್ಟವಿಲ್ಲ. ಗಿರಾಕಿ ಅಂಗಡಿಗೆ ಹೋದ ಹಾಗೆ. ಹಳೆಯದು ಮಾತಿನ ನಡುವೆ ತಾನಾಗಿ ಬರುತ್ತದೆ.

ನಾಳೆ ಸಂಜೆ. ಕಾರಿನಲ್ಲಿ ಹೋಗುವುದು ಒಳ್ಳೆಯದು.

ಡಿಸೆಂಬರ್ 18, ಗುರುವಾರ

ಹೋಗಿ ಬಂದೆ.

ಚಕ್ರವನ್ನು ಬೆಡ್‌ಶೀಟಿನಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟಿದ್ದೆ. ಕಾರನ್ನು ಎರಡು ರಸ್ತೆ ಆಚೆ ನಿಲ್ಲಿಸಿದೆ, ಅಲ್ಲಿ ಪಾರ್ಕಿಂಗ್ ಕಷ್ಟ. ಟೊಪ್ಪಿ, ಕಪ್ಪು ಕನ್ನಡಕ. ದಾರಿಯಲ್ಲಿ ಮೊಬೈಲ್ ಹಿಡಿದು ನಿಂತ ಹುಡುಗರು ಇಬ್ಬರು ಕಂಡರು. ಮೊಬೈಲ್ ಯಾರು ಹಿಡಿದಿರುವುದಿಲ್ಲ ಈಗ?

"ಬನ್ನಿ ಮಾಷ್ಟ್ರೇ. ಸೌಖ್ಯವಾ? ಕೂತುಕೊಳ್ಳಿ" ಅಂದರು, ನಿನ್ನೆ ಹೋದವ ಇವತ್ತು ಬಂದ ಹಾಗೆ. ಎದ್ದು ಬಾಗಿಲಿನ ಶಟರನ್ನು ಅರ್ಧ ಕೆಳಗೆ ಎಳೆದರು. "ಬಿಸಿಲು ಕಣ್ಣಿಗೆ ಹೊಡಿತದೆ."

ಸಂಜೆ ಐದೂವರೆ. ಅಂಗಡಿ ಪೂರ್ವಕ್ಕೆ ಮುಖ ಮಾಡಿದೆ.

ಒಳಗೆ ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಗೋಡೆ ಕಂಡಿತು. ಗೋಡೆಯ ತುಂಬ ಚಕ್ರ. ನನ್ನದೊಂದೇ ಎಂದು ತಿಳಿದಿದ್ದೆ. ಒಂಬತ್ತು ಇದ್ದವು, ಮೊಳೆಗೊಂದು. ಪ್ರತಿಯೊಂದಕ್ಕೂ ರಟ್ಟಿನ ಚೂರು ಕಟ್ಟಿ ಹೆಸರು ಬರೆದಿದ್ದಾರೆ, ದೊಡ್ಡ ದೊಡ್ಡ ಅಕ್ಷರ. ಡಾಕ್ಟ್ರು. ಬ್ಯಾಂಕಿನವರು. ರಾಯ್‌ಸ್ಟನ್. ಕೆಳಗಿನ ಸಾಲಿನಲ್ಲಿ ಕೊನೆಯದು, ಅಶ್ವಿತ್. ಒಂದರ ಮೇಲೂ ಧೂಳಿಲ್ಲ.

ಹೊಸ ಚಕ್ರವನ್ನು ಬಿಚ್ಚಿ ಕೊಟ್ಟೆ. ಹಿಡಿದು ತಿರುಗಿಸಿ ನೋಡಿದರು. "ಹೊಸದು ತೆಗೆದ್ರಾ. ಒಳ್ಳೇದು. ಕಡ್ಡಿ ಎಂತ ಇಷ್ಟು ಸಪುರ, ಉಪವಾಸದ್ದಾ?" ನಕ್ಕರು. ನಾಲ್ಕು ಹಲ್ಲಿನಲ್ಲಿ ಒಂದು ಹೋಗಿದೆ.

"ಆಗ್ತದಾ?"

"ಕಬ್ಬಿಣ ಅಲ್ವಾ ಮಾಷ್ಟ್ರೇ. ಮನುಷ್ಯ ಕಟ್ಟಿದ್ದನ್ನು ಮನುಷ್ಯ ಸರಿ ಮಾಡ್ಲಿಕ್ಕಾಗ್ತದೆ."

"ಹಾಗಾದ್ರೆ ಇಟ್ಟು ಹೋಗ್ತೇನೆ. ನಾಳೆ ಬರ್ತೇನೆ."

ತಮ್ಮ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಬೈಗುಳ ಇರಲಿಲ್ಲ ಅದರಲ್ಲಿ. ದೋಣಿಗೆ ಹೊತ್ತಾಯಿತೋ ಎಂದು ಆಕಾಶ ನೋಡುವವರು ಹಾಗೆ ನೋಡುತ್ತಾರೆ.

"ಬೇಡ" ಅಂದರು. "ಕೂತುಕೊಳ್ಳಿ. ಈಗಲೇ ಮಾಡಿ ಕೊಡ್ತೇನೆ. ನಾಳೆ ಬರುದು ಬೇಡ."

"ಕಡ್ಡಿ ಮಲಗ್ಬೇಕಲ್ಲ?"

"ಈಗಿನ ಕಡ್ಡಿಗೆ ನಿದ್ರೆ ಬೇಡ ಮಾಷ್ಟ್ರೇ."

ನಾನು ಒಳಗಿನ ಸ್ಟೂಲಿನಲ್ಲಿ, ರಸ್ತೆಗೆ ಬೆನ್ನು ಹಾಕಿ ಕೂತೆ. ಆಮೇಲೆ ಬೆನ್ನಿನ ನೆನಪಾಗಿ ಗೋಡೆಗೆ ಸರಿದೆ. ಮುಕ್ಕಾಲು ಗಂಟೆ ಹಿಡಿಯಿತು. ಚಪ್ಪಟೆ ಕಡ್ಡಿ ತಿರುಚದ ಹಾಗೆ ಎಡಗೈಯಲ್ಲಿ ಇಕ್ಕುಳದಿಂದ ಹಿಡಿದು, ಬಲಗೈಯಲ್ಲಿ ಕಾಲುಕಾಲು ತಿರುವು. ಮೊಳೆಗೆ ತಾಗುವ ಸದ್ದು ಕಡಿಮೆಯಾಗುತ್ತ ಬಂದು ನಿಂತಿತು. ಬೆಂಗಳೂರು ಬೇಕಾಗಲಿಲ್ಲ. ಮಾತಾಡುತ್ತಿದ್ದೆವು, ಜಾಥಾದ ವಿಷಯ ಮಾತ್ರ. ಸುಳ್ಯದಲ್ಲಿ ನಮಗೆ ಗಂಜಿ ಹಾಕಿದವಳ ಹೆಸರು ಅವರಿಗೆ ನೆನಪಿದೆ. ನನಗಿರಲಿಲ್ಲ.

ಆ ಹೊತ್ತಿನಲ್ಲಿ ಅಂಗಡಿಗೆ ಯಾರೂ ಬರಲಿಲ್ಲ.

ಮುಗಿದ ಮೇಲೆ ಗೋಡೆಯಿಂದ ನನ್ನ ಹಳೆಯ ಚಕ್ರ ತೆಗೆದು, ರಟ್ಟು ಬಿಚ್ಚಿ ಜೇಬಿಗೆ ಹಾಕಿಕೊಂಡು, ಅದನ್ನೂ ಕೊಟ್ಟರು. "ಇದೂ ಆಗಿದೆ."

"ಎರಡನೇ ದಿನದ್ದು... ನಾನು ಕೇಳ್ಲಿಲ್ಲ."

"ನಾನೇ ಕೇಳಿದೆ. ದಿನಾ ಕೇಳಿದ್ದೇನೆ. ಕೆಲಸ ಎಂತ ಉಂಟು ನನಗೆ?"

ಎರಡೂ ಚಕ್ರಗಳನ್ನು ಅವರೇ ಬೆಡ್‌ಶೀಟಿನಲ್ಲಿ ಸುತ್ತಿದರು. ಎಲ್ಲೂ ಕಡ್ಡಿ ಕಾಣದ ಹಾಗೆ, ತುದಿಗಳನ್ನು ಒಳಗೆ ಸೇರಿಸಿ ಸುತ್ತಿದರು. ಶಟರ್ ಎತ್ತುವ ಮೊದಲು ತಲೆ ಹೊರಗೆ ಹಾಕಿ, ಆ ಕಡೆ ಈ ಕಡೆ ನೋಡಿ, "ಈಗ ಹೋಗಿ" ಅಂದರು.

ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಎರಡನೇ ಸಲ ಹೋಗುವ ಕೆಲಸ ತಪ್ಪಿತು.

ಕುಶಲಾ ಬೆಡ್‌ಶೀಟ್ ಬಿಚ್ಚಿದಳು, ಗ್ರೀಸಿನ ಕಲೆ ನೋಡಿದಳು. ಬಕೆಟಿಗೆ ಹಾಕಿದಳು.

ಡಿಸೆಂಬರ್ 19, ಶುಕ್ರವಾರ

ಬೆಳಿಗ್ಗೆ ಪರೀಕ್ಷೆಗೆಂದು ಹೊಸ ಚಕ್ರ ಹಾಕಿ ಕದ್ರಿ ಗುಡ್ಡೆಯವರೆಗೆ ಬಿಟ್ಟೆ. ನೇರ ಓಡುತ್ತದೆ, ಕೂದಲೆಳೆಯಷ್ಟು ಬೆಂಡಿಲ್ಲ. ಆದರೆ ಏರಿನಲ್ಲಿ ಎದ್ದು ನಿಂತು ತುಳಿದಾಗ ಹಿಂದಿನಿಂದ ಟಿಣ್ ಅಂದಿತು. ಸ್ವಲ್ಪ ಮುಂದೆ ಮತ್ತೆ ಟಿಣ್. ಬಿಗಿಯಾದ ಕಡ್ಡಿ ತನ್ನ ಜಾಗಕ್ಕೆ ಕೂರುವ ಸದ್ದು. ಕೂರುತ್ತ ಕೂರುತ್ತ ಸಡಿಲಾಗುತ್ತದೆ. ಗ್ರೌಂಡಿಗೆ ಬಂದು ಸೈಕಲ್ ಮಗುಚಿ ಹಾಕಿ ಒಂದೊಂದನ್ನೇ ಮೀಟಿದೆ. ಒಂದೇ ಸ್ವರ ಇಲ್ಲ. ಐದಾರು ಕಡ್ಡಿ ಬೇರೆಯೇ ಹೇಳುತ್ತವೆ.

ಮನೆಗೆ ಬಂದು ಹಳೆಯದನ್ನು ಮೀಟಿದೆ. ಒಂದೇ ಸ್ವರ, ಮೊದಲಿನಿಂದ ಕೊನೆಯವರೆಗೆ. ಎರಡು ಸುತ್ತು ಕೇಳಿದೆ. ಭಾನುವಾರಕ್ಕೆ ಅದನ್ನೇ ಹಾಕಬಹುದು. ಆದರೆ ಅಶ್ವಿತ್ ಹೊಸ ಚಕ್ರದ ಫೋಟೊ ಹಾಕಿಯಾಗಿದೆ, ಹಳೆಯದು ಹಾಕಿದರೆ ಎಲ್ಲಿತ್ತು ಎಂದು ಕೇಳುತ್ತಾರೆ.

ಹೊಸತಕ್ಕೆ ಎರಡನೇ ದಿನದ ಕೆಲಸ ಒಂದು ಆಗಬೇಕಿತ್ತು, ಅಷ್ಟೇ. ಇವತ್ತೇ ಎರಡನೇ ದಿನ. ಮಧ್ಯಾಹ್ನದ ಮೇಲೆ ನನಗೆ ಕ್ಲಾಸೂ ಇರಲಿಲ್ಲ.

ನಾಳೆ ಬನ್ನಿ ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ಹೋಗುತ್ತಿದ್ದೆ.